ಮಹಡಿಯ ಮೇಲಿನ ಪ್ರತಿ

"ನಿಮ್ಮ ಸಾಫ್ಟ್‌ವೇರ್ ನನ್ನ ಜೈಲಿಗೆ ಕಳಸತೈತ್ರಿ ರೇಣುಕಾ ಮೇಡಂ," ಎಂದ ಕೋಠಿ ಪೇಟೆಯ ಔಷಧ ವ್ಯಾಪಾರಿ ಉಪೇಂದ್ರ, ಫೋನಿನಲ್ಲಿ, ಬಹಳ ಮೆಲ್ಲಗೆ. ಕೂಗಾಡಿದ್ದರೆ ರೇಣುಕಾಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವಧಿ ಮೀರಿದ ಮಾತ್ರೆಗಳು ಬೆಳಿಗ್ಗೆ ಅಂಗಡಿಯಲ್ಲಿ ಸಲೀಸಾಗಿ ಬಿಲ್ ಆಗಿದ್ದವು. ಪುಣ್ಯಕ್ಕೆ ಗಿರಾಕಿಯೇ ತಾರೀಖು ನೋಡಿ ವಾಪಸ್ ತಂದಿದ್ದ. ಒಂದೇ ಔಷಧದ ಎರಡು ಬ್ಯಾಚ್ ಕಪಾಟಿನಲ್ಲಿದ್ದರೆ ಸಾಫ್ಟ್‌ವೇರ್ ಹೊಸ ಬ್ಯಾಚಿನ ತಾರೀಖನ್ನಷ್ಟೇ ನೋಡುತ್ತಿತ್ತು.

"ಬೇಗಂ ಬಜಾರ್‌ನಾಗ ನಮ್ಮ ತಮ್ಮನ ಕಿರಾಣಿ ಅಂಗಡಿಗೆ ನಿಮ್ಮ ನೆಗೆಣ್ಣಿ ಹಾಕಿ ಕೊಟ್ಟಾರಲ್ಲ, ಅದು ಹಳೇ ಮಾಲು ಬಿಲ್ ಮಾಡಾಕ ಬಿಡಂಗಿಲ್ಲ. ಸಂಜೀಮಟ ನೋಡತೀನ್ರಿ. ಆಗಲಿಲ್ಲಂದ್ರ ಅವರಿಗೇ ಹೇಳತೀನಿ."

ನೆಗೆಣ್ಣಿ ಎಂದರೆ ಮಾನಸಾ, ರೇಣುಕಾಳ ಮೈದುನನ ಹೆಂಡತಿ. ಉಪ್ಪಲ್‌ನ ಆ ಮನೆಯಲ್ಲಿ ಕೆಳಗೆ ರೇಣುಕಾ, ಮಹಡಿಯ ಮೇಲೆ ಮಾನಸಾ. ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ಈ ಸಾಫ್ಟ್‌ವೇರನ್ನು ಇಬ್ಬರೂ ಕೂಡಿಯೇ ಕಟ್ಟಿದ್ದರು. ಯಾರೋ ವ್ಯಾಪಾರಿ ಅದನ್ನು 'ಮಾನಸಾ ಮೇಡಂ ಸಾಫ್ಟ್‌ವೇರ್' ಅಂದದ್ದೇ ತಡ, ರೇಣುಕಾ ನಾಲ್ಕು ಜನರ ಮುಂದೆ, "ನಾ ದುಡದದ್ದಕ್ಕ ನಿನ್ನ ಹೆಸರು ಹಚ್ಚಿಕೊಳ್ಳಾಕಿ ನೀ," ಅಂದುಬಿಟ್ಟಳು. ಅದಾಗಿ ಎರಡು ವರ್ಷ. ಅಂದಿನಿಂದ ಸಾಫ್ಟ್‌ವೇರೂ ಬೇರೆ, ಗಿರಾಕಿಗಳೂ ಬೇರೆ, ಮಾತಂತೂ ಇಲ್ಲವೇ ಇಲ್ಲ.

ಸಾಫ್ಟ್‌ವೇರಿನ ಒಂದೊಂದು ಬದಲಾವಣೆಯನ್ನೂ ಮಾಡಿದವರ ಹೆಸರಿನೊಂದಿಗೆ ದಾಖಲಿಸಿಡುವ ಗಿಟ್‌ನಲ್ಲಿ ಬೇರೆಯಾಗುವುದು ಹೊಲ ಪಾಲು ಮಾಡಿಕೊಂಡಂತಲ್ಲ. ಇಬ್ಬರಿಗೂ ಇಡಿಯ ಪ್ರತಿಯೇ ಸಿಗುತ್ತದೆ. ಆಮೇಲೆ ಒಬ್ಬರು ಮಾಡಿದ ಬದಲಾವಣೆ ಇನ್ನೊಬ್ಬರಿಗೆ ಬೇಕಾದರೆ ತಮ್ಮ ಪ್ರತಿಯೊಳಗೆ ಎಳೆದುಕೊಳ್ಳಬಹುದು. ಆದರೆ ಮಾಡಿದವರ ಹೆಸರೂ ಅದರ ಬೆನ್ನಿಗೇ ಬಂದು ಕೂರುತ್ತದೆ. ರೇಣುಕಾಗೆ ಬೇಡವಾಗಿದ್ದದ್ದು ಅದೇ. ಮಧ್ಯಾಹ್ನದವರೆಗೂ ತಾನೇ ಹೆಣಗಿದಳು. ತಾರೀಖು ಸರಿಮಾಡಿದರೆ ಬಿಲ್ಲೇ ಬಾರದು, ಬಿಲ್ ಬಂದರೆ ತಾರೀಖು ಕೆಡುವುದು. ಇದ್ದವರಲ್ಲಿ ದೊಡ್ಡ ಗಿರಾಕಿ ಉಪೇಂದ್ರ, ಅವನು ಹೋದರೆ ಕೋಠಿಯ ಉಳಿದವರೂ ಅವನ ಹಿಂದೆಯೇ ಹೋಗುವವರು. ಕೊನೆಗೆ ಅತ್ತೆ ಹಂಪಮ್ಮನನ್ನು ಮೇಲೆ ಕಳಿಸಿದಳು.

"ಆ ತಾರೀಖಿಂದು ಏನೋ ಮಾಡೀಯಂತಲ್ಲ, ಅದನ್ನ ಕೇಳಾಕತ್ತಾಳವಾ ನಿಮ್ಮಕ್ಕ," ಎಂದು ಹಂಪಮ್ಮ ಮಹಡಿಯ ಬಾಗಿಲಲ್ಲಿ ಏದುಸಿರು ಬಿಟ್ಟಳು. "ನಿಮ್ಮ ಕಂಪ್ಯೂಟರ್ ಜಗಳದಾಗ ನನ್ನ ಮೊಣಕಾಲು ಸವದು ಹೋದ್ವು."

ಮಾನಸಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಉಪ್ಪು ಯಾರಿಗೂ ಕೈಯಾಗ ಕೊಡಬ್ಯಾಡ, ಜಗಳ ಬರತೈತಿ, ಕೆಳಗಿಡು, ಅವರ ತಗೋತಾರ ಅಂತ ನೀವ ಹೇಳೀರಲ್ರಿ ಅತ್ತೀ. ಇದೂ ಹಂಗ. ನನ್ನ ಕಾಪಿ ಅಕ್ಕಗ ಯಾವತ್ತೂ ಮುಚ್ಚಿಲ್ಲ. ಬೇಕಂದ್ರ ತಗೊಳ್ಳಲಿ."

ಹಂಪಮ್ಮ ಇಳಿದು ಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ರೇಣುಕಾ ನಂಬಲಿಲ್ಲ. ತನ್ನ ಪ್ರತಿಯನ್ನು ಅವಳು ಮಾನಸಾಗೆ ಜಗಳದ ದಿನವೇ ಮುಚ್ಚಿದ್ದಳು. ನೋಡೇಬಿಡೋಣ ಎಂದು ಮಾನಸಾಳದನ್ನು ತೆರೆದರೆ, ತೆರೆಯಿತು. ಬೇಕಾದ ಸಾಲುಗಳು ಅಲ್ಲೇ ಇದ್ದವು. ಎಳೆದುಕೊಂಡರೆ ತಾನೇ ಹೆಸರು ಬರುವುದು? ನೋಡಿಕೊಂಡು ತಾನೇ ಟೈಪ್ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಎರಡು ಸಾಲು ಟೈಪ್ ಮಾಡಿಯೂಬಿಟ್ಟಳು. ಆಮೇಲೆ, ಇಷ್ಟು ಚೆಂದದ ಕೆಲಸ ಇವಳು ಯಾವಾಗ ಮಾಡಿದಳೋ ಎಂಬ ಹೊಟ್ಟೆಕಿಚ್ಚಿಗೆ, ಆ ಬದಲಾವಣೆಯ ಚರಿತ್ರೆ ತೆರೆದಳು. ಮಾಡಿದವರ ಹೆಸರಿನ ಜಾಗದಲ್ಲಿ 'ರೇಣುಕಾ' ಎಂದಿತ್ತು.

ಬೇರೆಯಾಗುವ ಮೊದಲು ತಾನೇ ಬರೆದು, ಪೂರ್ತಿ ಮಾಡದೆ ಬಿಟ್ಟು, ಜಗಳದ ಮಾರನೆಯ ದಿನ ತನ್ನ ಪ್ರತಿಯಿಂದ ಕಿತ್ತೆಸೆದಿದ್ದ ಕೆಲಸ ಅದು. ಎಸೆದದ್ದು ನೆನಪಿತ್ತು, ಏನನ್ನು ಎಸೆದೆ ಎಂಬುದು ಮರೆತೇಹೋಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಅನ್ನುತ್ತಾರೆ. ಈ ಮೂಗು ಮಹಡಿಯ ಮೇಲೆ ಜೋಪಾನವಾಗಿತ್ತು. ಮಾನಸಾ ಉಳಿದಿದ್ದ ಚೂರುಪಾರು ಮುಗಿಸಿ, ಆ ಚೂರುಪಾರಿಗಷ್ಟೇ ತನ್ನ ಹೆಸರು ಹಾಕಿಕೊಂಡಿದ್ದಳು. ರೇಣುಕಾಗೆ ಒಬ್ಬಳೇ ಕೂತಲ್ಲಿ ನಾಚಿಕೆಯಾಯಿತು. ಟೈಪ್ ಮಾಡಿದ್ದ ಎರಡು ಸಾಲು ಅಳಿಸಿ, ಎರಡೂ ಬದಲಾವಣೆಗಳನ್ನು ಎರಡೂ ಹೆಸರುಗಳ ಸಮೇತ ಎಳೆದುಕೊಂಡು ಕೋಠಿಗೆ ಕಳಿಸಿದಳು. ಹಳೆಯ ಮಾಲು ಈಗ ಬಿಲ್ ಆಗುತ್ತಿಲ್ಲ ಎಂದು ಉಪೇಂದ್ರ ಸಂಜೆಗೆ ಮುಂಚೆಯೇ ಫೋನ್ ಮಾಡಿದ.

ಈ ಸಲ ರೇಣುಕಾ ಅತ್ತೆಯನ್ನು ಕಳಿಸಲಿಲ್ಲ. ತಾನೇ ಹತ್ತಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಾನಸಾ ಚಹಾಕ್ಕಿಟ್ಟಿದ್ದಳು.

"ಅದರಾಗ ನನ್ನ ಹೆಸರು ಯಾಕ ಬಿಟ್ಟಿ?"

"ಮಾಡಿದವರು ನೀವ ಅಲ್ಲೇನ್ರಿ?"

"ಅಳಿಸಿದ್ರ ನನಗೇನು ಗೊತ್ತಾಗತಿರಲಿಲ್ಲ."

ಮಾನಸಾ ಒಲೆ ಸಣ್ಣ ಮಾಡಿದಳು. "ನನ್ನ ಹೆಸರು ಹಚ್ಚಿಕೊಂಡಿದ್ರ, ಅವತ್ತು ನೀವು ಅಂದದ್ದು ಖರೇ ಆಗತಿತ್ತಲ್ರಿ ಅಕ್ಕಾ."