ಟೀಚರಮ್ಮನಿಗೆ ರಜೆ

“ಅತ್ತೆ, ನಿಲ್ಲಿ! ಟೀಚರಮ್ಮನ್ನ ಆ ತೊಟ್ಟಿಗೆ ಬಿಡ್ಬೇಡಿ!”

ಸೊಸೆ ಅಡುಗೆಮನೆಯಿಂದ ಬರಿಗಾಲಲ್ಲೇ ಓಡಿಬಂದಳು. ಅತ್ತೆ ಕೊನೆಯ ತೊಟ್ಟಿಯ ಮೇಲೆ ಬಗ್ಗಿದ್ದರು. ಅವರ ಕೈಯ ಒದ್ದೆ ಬಟ್ಟೆಯಲ್ಲಿ ಒಂದು ಮುದಿ ಕೆಂಪು ಮೀನು ಸುಮ್ಮನೆ ಮಲಗಿತ್ತು. ಅದಕ್ಕೆ ಇದೇನೂ ಹೊಸದಲ್ಲ. ಮಣ್ಣಿನ ಹೊಂಡದಿಂದ ತಂದ ಬಣ್ಣದ ಮೀನಿನ ಮರಿಗಳಿಗೆ ಸಿಮೆಂಟು ತೊಟ್ಟಿಯಲ್ಲಿ ಹಾಕುವ ಒಣ ತಿಂಡಿ ತಿನ್ನಲು ಬರುವುದಿಲ್ಲ. ಹಸಿದುಕೊಂಡೇ ಮೂಲೆ ಹಿಡಿಯುತ್ತವೆ. ಅತ್ತೆ ಚಪ್ಪಾಳೆ ತಟ್ಟಿದರೆ ಈ ಮುದುಕಿ ಮೇಲೆ ಬಂದು ಅವರ ಬೆರಳಿನಿಂದಲೇ ತಿನ್ನುತ್ತಿತ್ತು. ಅದನ್ನು ನೋಡಿ ಮರಿಗಳೂ ಕಲಿಯುತ್ತಿದ್ದವು. ಅದಕ್ಕೇ ಟೀಚರಮ್ಮ. ಆದರೆ ಈ ಸಲ ಪಾಠ ಕಲಿತ ಮರಿಗಳೆಲ್ಲ ಕಿವಿರು ಬಿಳಿಚಿಕೊಂಡು ಸತ್ತಿದ್ದವು. ಉಳಿದದ್ದು ಈ ಒಂದೇ ತೊಟ್ಟಿ. ಇದೂ ಹೋದರೆ ಮೀನು ಸಾಕಿ ಮಾರುವ ಅತ್ತೆ ಸೊಸೆಯರ ಕಸುಬೇ ಹೋದ ಹಾಗೆ.

“ಸತ್ತ ಮರಿಗಳ ರಕ್ತ ನೋಡ್ದೆ. ಬನ್ನಿ, ನೀವೂ ನೋಡಿ.”

ಅತ್ತೆ ಮೀನನ್ನು ಬಕೆಟ್ಟಿಗೆ ಬಿಟ್ಟು, ಅದನ್ನೂ ಎತ್ತಿಕೊಂಡೇ ಒಳಗೆ ಬಂದರು. ಸಕ್ಕರೆ ಡಬ್ಬದ ಪಕ್ಕದಲ್ಲಿ ಸೊಸೆ ಓದುವ ಕಾಲಕ್ಕೆ ಕೊಂಡಿದ್ದ ಸೂಕ್ಷ್ಮದರ್ಶಕವಿತ್ತು. ಅತ್ತೆ ಒಂದು ಕಣ್ಣು ಮುಚ್ಚಿ ಇಣುಕಿದರು.

“ಇದೇನೇ, ದಾರದ ಚೂರು ಕುಣೀತಿವೆ?”

“ರಕ್ತದೊಳಗಿನ ಪರೋಪಜೀವಿ. ಒಂದು ಮೀನಿಂದ ಇನ್ನೊಂದಕ್ಕೆ ತಾನಾಗಿ ಹೋಗಲ್ಲ. ಜಿಗಣೆ ಬೇಕು. ಇದರ ರಕ್ತ ಕುಡಿದು ಅದನ್ನ ಕಚ್ಚಿದ್ರೆ ಮುಗೀತು.”

“ನನ್ನ ತೊಟ್ಟೀಲಿ ಜಿಗಣೆನಾ? ಊಟದ ತಟ್ಟೆನೂ ಅಷ್ಟು ಉಜ್ಜಲ್ಲ ಕಣೆ ನಾನು!”

ಸೊಸೆ ವಾದಕ್ಕೆ ಹೋಗಲಿಲ್ಲ. ಬಕೆಟ್ಟಿನಲ್ಲಿದ್ದ ಟೀಚರಮ್ಮನ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದಳು. ಒಳಗೆ ಎರಡು ಸಣ್ಣ ಜಿಗಣೆಗಳು ಹಾಯಾಗಿ ಅಂಟಿಕೊಂಡಿದ್ದವು. ಅದರ ರಕ್ತದ ಒಂದು ಹನಿಯನ್ನೂ ಗಾಜಿನ ಮೇಲೆ ಸವರಿದಳು. ಅಲ್ಲೂ ಅದೇ ಕುಣಿತ.

“ಇವಳು ಚೆನ್ನಾಗೇ ಇದ್ದಾಳಲ್ಲೇ?”

“ಗಟ್ಟಿಗಿತ್ತಿ, ತಡ್ಕೊಂಡಿದ್ದಾಳೆ. ಮೊದಲನೇ ತೊಟ್ಟಿಗೆ ಹೊಂಡದಿಂದ ಬಂದ ಮರಿಗಳಿಂದ ಹತ್ತಿರ್ಬೇಕು. ಆಮೇಲೆ ಇವಳು ಹೋದಲ್ಲೆಲ್ಲ...”

“ಇವಳೆಲ್ಲಿ ಹೋದ್ಲು? ಹೊತ್ಕೊಂಡು ಹೋದವಳು ನಾನು.”

ಅತ್ತೆ ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿದರು. ಆಮೇಲೆ ಕೇಳಿದರು. “ಕೊಲ್ಲಬೇಕಾ?”

“ಬೇಡ. ಉಪ್ಪುನೀರಲ್ಲಿ ಅದ್ದಿದ್ರೆ ಜಿಗಣೆ ಉದುರುತ್ತೆ. ರಕ್ತದಲ್ಲಿರೋದು ಹೋಗಲ್ಲ. ಇನ್ನು ಅವಳು ಒಬ್ಬಳೇ ಇರ್ಬೇಕು, ಅಷ್ಟೆ.”

“ಮರಿಗಳಿಗೆ ಪಾಠ?”

ಸೊಸೆ ಕಿಟಕಿಯಿಂದ ಕೊನೆಯ ತೊಟ್ಟಿಯ ಕಡೆ ನೋಡಿದಳು.

“ಟೀಚರಮ್ಮನಿಗೆ ರಜೆ ಕೊಡು,” ಎಂದು ಅತ್ತೆ ಎದ್ದು ನಿಂತರು. “ಪಾಠ ನಾನೇ ಹೇಳ್ತೀನಿ.”

ಉಪ್ಪುನೀರಲ್ಲಿ ಮಿಂದ ಟೀಚರಮ್ಮ ಗೋಡೆ ಪಕ್ಕದ ಸಣ್ಣ ತೊಟ್ಟಿ ಸೇರಿತು. ಖಾಲಿ ತೊಟ್ಟಿಗಳನ್ನೆಲ್ಲ ಇಬ್ಬರೂ ಒಣಗಿಸಿ ಸುಣ್ಣ ಬಳಿದರು, ಹಳೆಯ ಬಲೆ ಸುಟ್ಟರು. ಆಮೇಲೆ ಅತ್ತೆ ಕೊನೆಯ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು, ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಮರಿಗಳು ಇನ್ನಷ್ಟು ಮೂಲೆಗೆ ಸರಿದವು. ಗೋಡೆ ಪಕ್ಕದ ತೊಟ್ಟಿಯಲ್ಲಿ ಮಾತ್ರ ಟೀಚರಮ್ಮ ಸರ್ರನೆ ಮೇಲೆ ಬಂದು ಬಾಯಿ ತೆರೆದು ನಿಂತಿತು. ಅತ್ತೆ ಎದ್ದು ಹೋಗಿ ಅದಕ್ಕೆ ತಿನ್ನಿಸಿ, ಕೈ ತಿಕ್ಕಿ ತೊಳೆದುಕೊಂಡು ಬಂದರು. ಮತ್ತೆ ಚಪ್ಪಾಳೆ ತಟ್ಟಲಿಲ್ಲ. ತಿಂಡಿ ಹಿಡಿದ ಬೆರಳನ್ನು ನೀರಿನಲ್ಲಿ ಅಲ್ಲಾಡಿಸದೆ ಇಟ್ಟು ಕೂತರು. ಮರುದಿನವೂ ಕೂತರು, ಅದರ ಮರುದಿನವೂ. ಬೆರಳಿನ ಚರ್ಮ ನೆನೆದು ಸುಕ್ಕಾಯಿತು.

“ಊಟ ಮಾಡಿ ಬನ್ನಿ ಅತ್ತೆ.”

“ಇವು ತಿಂದ ಮೇಲೆ. ಬಂದ ಹೊಸದರಲ್ಲಿ ನೀನೂ ಹೀಗೇ ಮೂಲೆ ಹಿಡಿದಿದ್ದೆ. ನಿನ್ನನ್ನೇ ಬಿಡ್ಲಿಲ್ಲ, ಇವನ್ನ ಬಿಡ್ತೀನಾ?”

ಒಂದು ಸಂಜೆ ಮೂಲೆಯಿಂದ ಒಂದು ಮರಿ ಹೊರಟಿತು. ಅರ್ಧ ದಾರಿಗೆ ಬಂದು ಹಿಂದೆ ಓಡಿತು. ಮತ್ತೆ ಬಂತು. ಬೆರಳ ತುದಿಯ ತಿಂಡಿಯನ್ನು ಚಕ್ಕನೆ ಕಚ್ಚಿ ನುಂಗಿತು. ಅದರ ಹಿಂದೆ ಇನ್ನೊಂದು.

ಸೊಸೆ ಖುಷಿ ತಡೆಯಲಾರದೆ ಎರಡೂ ಕೈ ಎತ್ತಿದಳು. ಅತ್ತೆ ನೀರಿನೊಳಗಿನ ಕೈಯನ್ನು ಕದಲಿಸದೆ, ಇನ್ನೊಂದು ಕೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡರು.

“ತಟ್ಬೇಡ ಕಣೆ. ಅವಳು ಕ್ಲಾಸಿಗೆ ಬಂದುಬಿಡ್ತಾಳೆ.”