ಎಡಗಿವಿ

ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ಬೀರವ್ವನ ಕುರಿಮರಿ ಕಾಲು ಸೆಟೆದು ಮಲಗಿತ್ತು. ಅದರ ಎಡಗಿವಿ, ಆಕೆಯ ಹಿಂಡಿನ ಗುರುತಿನಂತೆ, ತುದಿಯಲ್ಲಿ ಎರಡಾಗಿ ಸೀಳಿತ್ತು.

"ಹಿಂಡಿನ್ಯಾಗ ಒಂಬತ್ತು ಹೋದುವ್ರೀ. ಹ್ವಾದ ವರ್ಷ ಕುರಿ ನೆತ್ತರ ತಗೊಂಡು ಹೋದ ಮಂದಿ ಔಷಧ ಹುಡುಕ್ತೀವಿ ಅಂದಿದ್ರು. ಹೊಳ್ಳಿ ಬರಲೇ ಇಲ್ಲ."

ಡಾಕ್ಟರು ಮೊಬೈಲ್ ನೋಡುತ್ತ ಹೇಳಿದರು: "ಔಷಧ ಸಿಕ್ಕೈತಿ ಯವ್ವಾ. ಸರ್ಕಾರದ ರೊಕ್ಕದಾಗ ಸಂಶೋಧನೆ ಮಾಡಿ ಪರದೇಶದ ವಿಜ್ಞಾನ ಪತ್ರಿಕೆಯಾಗ ಬರದಾರ. ಅದರ ಹೆಸರು ಒಳಗಿನ ಪುಟದಾಗೈತಿ. ಪತ್ರಿಕೆಯವರಿಗೆ ಡಾಲರ್ ಕಟ್ಟಿದವರಿಗಷ್ಟ ತೆರೀತೈತಿ."

"ಸರ್ಕಾರದ್ದಂದ್ರ ನಮ್ಮದಽ ಅಲ್ಲೇನ್ರೀ?"

"ಹಂಗಂತ ಅವರಿಗೆ ಯಾರು ಹೇಳ್ಬೇಕು? ನಮಗ ಪುಕ್ಕಟೆ ಕಾಣೂದು ಮೊದಲ್ನೇ ಪುಟದಾಗಿನ ಈ ಕುರಿ ಫೋಟೋ ಒಂದಽ. ಯಾವ ಊರಿಂದೋ ಏನೋ."

ಬೀರವ್ವ ಡಾಕ್ಟರು ಚಾಚಿದ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಸಾಹೇಬ್ರ, ಈ ಕಿವಿ ನಾನಽ ಸೀಳಿದ್ದು."