ಸಿದ್ದರಾಜುವಿನ ಪ್ಯಾಡು

“ಸೆಮಿಫೈನಲ್‌ಗೆ ಸಿದ್ದರಾಜುನ ಹೊರಗೆ ಕೂರ್ಸವ್ರಲ್ಲ, ಇವ್ರಿಗೇನು ತಲೆ ಕೆಟ್ಟೈತಾ?” ಟೂಲ್‌ರೂಮಿನ ಸೊಣ್ಣಪ್ಪ ಮೈದಾನದ ಬೇಲಿಗೆ ಒರಗಿ ಎಲ್ಲರಿಗೂ ಕೇಳುವಂತೆ ಗೊಣಗುತ್ತಿದ್ದ. ಪೀಣ್ಯದ ಕಾರ್ಖಾನೆಯ ಹಾಕಿ ತಂಡಕ್ಕೆ ಹೊಸ ಗೋಲ್‌ಕೀಪರ್ ಆಗಿದ್ದ ನಂಜುಂಡ, ವಾರವಿಡೀ ಕ್ಯಾಂಟೀನಿನಲ್ಲಿ ಕೇಳಿದ್ದ ಮಾತನ್ನೇ ಮತ್ತೆ ಕೇಳುತ್ತ, ತಲೆ ಬಗ್ಗಿಸಿ ಪ್ಯಾಡು ಕಟ್ಟಿಕೊಳ್ಳುತ್ತಿದ್ದ.

ಪ್ಯಾಡು ಹಳೆಯ ಗೋಲ್‌ಕೀಪರ್ ಸಿದ್ದರಾಜುವಿನದೇ. ಅವನದು ಕಂಬದಂಥ ಕಾಲು, ನಂಜುಂಡನದು ಕಡ್ಡಿ; ನಿನ್ನೆಯವರೆಗೂ ಬೆಲ್ಟನ್ನು ಕೊನೆಯ ತೂತಿಗೆ ಬಿಗಿದರೂ ಪ್ಯಾಡು ಜಾರಿ ಪಾದಕ್ಕೆ ಬೀಳುತ್ತಿತ್ತು. ಇವತ್ತು ಎಳೆದು ನೋಡಿದರೆ ಕೊನೆಯ ತೂತಿನಾಚೆ ಎರಡು ಹೊಸ ತೂತುಗಳು, ಮೆಷಿನ್ನಿನಲ್ಲಿ ಕೊರೆದಷ್ಟು ಗುಂಡಗೆ. ನಂಜುಂಡ ತಲೆಯೆತ್ತಿ ಬೇಲಿಯ ಕಡೆ ನೋಡಿದ.

“ನನ್ನೇನ್ ನೋಡ್ತೀಯ? ನೀನು ಸಿದ್ದರಾಜು ಆಗಕಿಲ್ಲ,” ಎಂದು ಸೊಣ್ಣಪ್ಪ ಗದರಿದ. “ಎಡಗಾಲಿಂದು ಇನ್ನೊಂದು ತೂತಿಗೆ ಬಿಗಿ. ಅದ್ಕೇ ಎರಡು ಕೊರ್ದಿರೋದು.”